ಹನ್ನೊಂದು ವರ್ಷದ ಬದನೆಕಾಯಿ

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆ ದಾಟಿ
ಬಲಕ್ಕೆ ಹೊರಳಿದರೆ ನನ್ನ ಡ್ರೆಸ್ಸಿಂಗ್ ರೂಮು.
ಬೋರ್ಡು ಬೇಕಿಲ್ಲ, ಮೂಗೇ ದಾರಿ ತೋರಿಸುತ್ತದೆ.

ಸೋಮವಾರ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಬಂದಳು,
ಕೈಯಲ್ಲಿ ಫಾರಂ, ಕಿವಿಯ ಮೇಲೆ ಪೆನ್ನು.
ಆರು ವಾರ ದಾಟಿಯೂ ಮಾಯದ ಕಾಲಿನ ಹುಣ್ಣು
ಈ ತಾಲ್ಲೂಕಿನಲ್ಲಿ ಸಾವಿರಕ್ಕೆ ಎಷ್ಟು ಜನಕ್ಕೆ?
ಕಾರಣವೇನು? ಒಂದಕ್ಕೆ ಮಾತ್ರ ಟಿಕ್ ಹಾಕಿ.

ಸಾವಿರ ಅಂದರೆ ಯಾರು, ಮಗಳೇ?
ಬಂದವರನ್ನು ಎಣಿಸಿಕೊಡಬಲ್ಲೆ,
ನೀಲಿ ರಿಜಿಸ್ಟರಿನಲ್ಲಿದ್ದಾರೆ, ಒಬ್ಬೊಬ್ಬರೂ ನಲವತ್ತು ಸಲ.
ಬಾರದವರು ಸೀರೆಯ ಅಂಚಿನ ಕೆಳಗಿದ್ದಾರೆ.
ಮದುವೆಮನೆಯಲ್ಲಿ ಫ್ಯಾನಿನ ಗಾಳಿ ತಪ್ಪಿಸಿ ಕೂರುತ್ತಾರೆ.
ಚಿಂತಾಮಣಿ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ
ಒಬ್ಬರೇ ಕೂತು ಬರುತ್ತಾರಲ್ಲ,
ಅವರ ಲೆಕ್ಕ ಕಂಡಕ್ಟರಿಗೆ ಗೊತ್ತು. ಅವನನ್ನು ಕೇಳು.

ಕಾರಣ ಅಂದೆಯಾ.
ಅಮಾವಾಸ್ಯೆಯಂದು ನಿಂಬೆಹಣ್ಣು ದಾಟಿದೆ ಅನ್ನುವವರಿದ್ದಾರೆ.
ದೋಸೆಕಲ್ಲಿನ ಮುಂದೆ ಮೂವತ್ತು ವರ್ಷ ಕಳೆದ ಸುಬ್ಬಕೃಷ್ಣಯ್ಯನಿಗೆ
ನಿಂತದ್ದೇ ಕಾರಣ ಅಂದರೆ ಸಿಟ್ಟು:
‘ನಿಂತರೆ ಹುಣ್ಣಾಗೋದಾದ್ರೆ ಮರಕ್ಕೆಲ್ಲ ಆಗಬೇಕಿತ್ತು!’
ಬೀಡಿಯಿಂದ ರಕ್ತದ ದಾರಿಯನ್ನೇ ಮುಚ್ಚಿಕೊಂಡ ಮುನಿಶಾಮಪ್ಪನ
ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ತಡಕುತ್ತೇನೆ,
ಕತ್ತಲಲ್ಲಿ ಬೀಗದ ಕಿಂಡಿ ತಡಕಿದ ಹಾಗೆ.
ಸಿಗುವುದಿಲ್ಲ. ಅವನ ಕಾಲು ಬಿಗಿದು ಸುತ್ತುವಂತಿಲ್ಲ.
ಪಿಳ್ಳಪ್ಪನಿಗೆ ನೋವೇ ಇಲ್ಲ. ಚಪ್ಪಲಿಯೊಳಗೆ ಮೊಳೆ,
ಕೈವಾರದ ತನಕ ನಡೆದನಂತೆ.
ನೋಯದ ಕಾಲು ಕಂಡರೆ ನನಗೆ ಹೆಚ್ಚು ಭಯ.

ಉಳಿದವರು, ಬರೆದುಕೋ, ರೇಷ್ಮೆ ಬಿಚ್ಚುವವರು.

ಜೈತೂನ್‌ಬಿ ಬೇಸಿನ್ನಿನ ಮುಂದೆ ನಿಂತಾಗ ಅವಳಿಗೆ ಹದಿನಾಲ್ಕು.
ಕುದಿನೀರಿನಲ್ಲಿ ಗೂಡು ಕುಣಿಯುತ್ತದೆ,
ಬೆಂದು ಬಿಳಿಚಿದ ಬೆರಳು ಎಳೆಯ ತುದಿ ಹುಡುಕುತ್ತದೆ,
ಎಂಟು ಗೂಡಿನ ಎಳೆ ಕೂಡಿ ಒಂದು ನೂಲು, ರಾಟೆ ಸೆಳೆಯುತ್ತದೆ.
ಮೂವತ್ತೊಂದು ವರ್ಷ ನೂಲು ಮೇಲೆ ಹೋಯಿತು,
ರಕ್ತ ಕೆಳಗೇ ಉಳಿಯಿತು.
ಏರಿದ್ದು ಜಾರದಂತೆ ನರದೊಳಗೆ ಪುಟ್ಟ ಪುಟ್ಟ ಬಾಗಿಲುಗಳಿರುತ್ತವೆ.
ಅವಳವು ಸಡಿಲವಾಗಿ ಬಡಿದುಕೊಳ್ಳುತ್ತಿದ್ದವು.
ಹರಡಿನ ಮೇಲೆ ಚರ್ಮ ರಾಗಿಮುದ್ದೆಯ ಬಣ್ಣಕ್ಕೆ ತಿರುಗಿ
ಒಂದು ದಿನ ಸೊಳ್ಳೆ ಕಚ್ಚಿದಷ್ಟು ತೆರೆಯಿತು.
ಹನ್ನೊಂದು ವರ್ಷ ಮುಚ್ಚಲಿಲ್ಲ.

ನಂಜು ಅಂದರು. ಬದನೆಕಾಯಿ ಬಿಡು ಅಂದರು.
ಬಿಟ್ಟಳು. ಮೀನು ಬಿಡು, ಕುಂಬಳ ಬಿಡು. ಅದನ್ನೂ.
ನಿಲ್ಲುವುದನ್ನು ಬಿಡು ಅಂತ
ಯಾರೂ ಅನ್ನಲಿಲ್ಲ.

ಮೊದಲ ವಾರ ನಾನು ಬ್ಯಾಂಡೇಜು ಸುತ್ತುವುದನ್ನು
ಓರೆಗಣ್ಣಿನಲ್ಲಿ ನೋಡಿದಳು. ಎರಡನೇ ವಾರ ತಡೆಯಲಾಗಲಿಲ್ಲ:
‘ಸಿಸ್ಟರ್, ಬಿಗಿ ಒಂದು ಹದಕ್ಕಿಲ್ಲ. ಇಲ್ಲಿ ಜೋಲು, ಇಲ್ಲಿ ಕಚ್ತದೆ.
ಕೊಡಿ ಇತ್ತ’ ಅಂದವಳೇ
ಕಾಲ್ಬೆರಳಿನ ಬುಡದಿಂದ ಮಂಡಿಯ ಕೆಳಗಿನ ತನಕ
ಸುತ್ತಿನ ಮೇಲೆ ಅರ್ಧ ಸುತ್ತು ಹೊದಿಸುತ್ತ ಹೋದಳು,
ಕೆಳಗೆ ಬಿಗಿ, ಏರಿದಂತೆ ಕೂದಲೆಳೆಯಷ್ಟು ಸಡಿಲ.
ನರ್ಸಿಂಗ್ ಶಾಲೆಯಲ್ಲಿ ಇದಕ್ಕೇ ನಾನು ಬೈಸಿಕೊಂಡಿದ್ದು.
ಜೀವಮಾನವೆಲ್ಲ ಬಿಚ್ಚಿದ ಕೈಗೆ
ಸುತ್ತುವುದನ್ನು ಹೇಳಿಕೊಡಬೇಕೆ?

ಆಮೇಲೆ ಗೂಡಿನ ರೇಟು ಏರಿ ಯೂನಿಟ್ಟು ಮುಚ್ಚಿತು.
ಎರಡು ತಿಂಗಳು ಕೂಲಿಯಿಲ್ಲ,
ದಿಂಬಿನ ಮೇಲೆ ಕಾಲಿಟ್ಟು ಮನೆಯಲ್ಲೇ ಇದ್ದಳು.
ಹುಣ್ಣೂ ಮುಚ್ಚತೊಡಗಿತು, ಅಂಚಿನಿಂದ ಒಳಕ್ಕೆ,
ಹಾಲಿನ ಕೆನೆ ಕಟ್ಟಿದ ಹಾಗೆ.
ಸಂತೋಷಪಡಬೇಕೋ ಬೇಡವೋ
ನನಗೂ ತಿಳಿಯಲಿಲ್ಲ, ಅವಳಿಗೂ.

ಡಾಕ್ಟರು ಹುಡುಗಿ ಎಲ್ಲ ಕೇಳಿಸಿಕೊಂಡು
‘ನರದ ತೊಂದರೆ’ಗೆ ಟಿಕ್ ಹಾಕಿದಳು. ತಪ್ಪೇನಲ್ಲ.

ಬೆಂಚಿನಿಂದ ಜೈತೂನ್‌ಬಿ:
‘ನಾಳೆ ಯೂನಿಟ್ಟು ತೆಗೀತಾರಂತೆ, ಡಾಕ್ಟರಮ್ಮ.
ಈಗ ಬದನೆಕಾಯಿ ತಿನ್ನಬಹುದಾ?’

ಹುಡುಗಿ ಫಾರಮ್ಮಿನ ಹಿಂದೆ ಮುಂದೆ ತಿರುವಿ ನೋಡಿದಳು.

‘ತಿನ್ನು’ ಅಂದೆ ನಾನು.
‘ಕೂತುಕೊಂಡು ತಿನ್ನು.’