ಗೀಸರಿನ ತಣ್ಣೀರು

ಜುಲೈ ಬಂತೆಂದರೆ ಮನಾಮದ ನಲ್ಲಿಗಳು ಮಾತು ತಪ್ಪುತ್ತವೆ.
ನೀಲಿ ಗುರುತಿನದು ಸುಡುತ್ತದೆ,
ತಾರಸಿಯ ಟ್ಯಾಂಕಿನಲ್ಲಿ ಹಗಲಿಡೀ ಕುದಿದ ನೀರು.
ಕೆಂಪು ಗುರುತಿನದು ತಣ್ಣಗೆ,
ಆರಿಸಿಟ್ಟ ಗೀಸರಿನ ಹೊಟ್ಟೆಯಲ್ಲಿ ರಾತ್ರಿಯಿಡೀ ತಣಿದದ್ದು.
ಹೊಸಬರು ಕೈ ಸುಟ್ಟುಕೊಂಡೇ ಕಲಿಯಬೇಕು.

ಮಂಜ ಖಾರ್ವಿಯ ಮೈ ಒರೆಸಲು
ನಾವು ಕೆಂಪು ನಲ್ಲಿ ತಿರುಗಿಸುತ್ತಿದ್ದೆವು.

ಗಂಗೊಳ್ಳಿಯವನು, ದೋಣಿ ಎಂಜಿನ್ನಿನ ಮೇಸ್ತ್ರಿ.
ದೂರದಿಂದ ಸದ್ದು ಕೇಳಿಯೇ
ಕೆಟ್ಟದ್ದು ಯಾವ ವಾಲ್ವು ಎನ್ನುತ್ತಿದ್ದವನು
ತನ್ನ ಹೊಟ್ಟೆಯ ಸದ್ದಿಗೆ ಮಾತ್ರ
ಗ್ಯಾಸು ಎಂದು ಹೆಸರಿಟ್ಟು
ಒಂದು ವರ್ಷ ಸೋಡಾ ಕುಡಿದ.

ಲಿಸ್ಸಿ ಸಿಸ್ಟರ್ ನನ್ನನ್ನು ಕಾರಿಡಾರಿಗೆ ಕರೆದಳು.
"ಕಿಮೋ ನಿಲ್ಲಿಸಿದ್ದಾರೆ."
ನಾನು ಖುಬೂಸ್ ವ್ಯಾನಿನ ಡ್ರೈವರು,
ನಿಲ್ಲಿಸುವುದೆಂದರೆ ಬ್ರೇಕು ಒತ್ತಿ ಇಳಿಯುವುದು.
"ಹಾಗಾದರೆ ಇನ್ನು ಕೆಲಸ ಇಲ್ಲವಾ?" ಎಂದೆ.
"ಇನ್ನೇ ಮೋನೆ, ಕೆಲಸ," ಎಂದು
ಸಿರಿಂಜಿನಲ್ಲಿ ನೋವಿನ ಔಷಧಿ ಅಳೆಯುವುದು ತೋರಿಸಿದಳು,
ಗೆರೆಯ ಮೇಲೆ ಉಗುರಿಟ್ಟು, ಮೂರು ಸಲ.

ಊರಿಗೆ ಕಳಿಸಿ ಎಂದಿತು ಕಂಪನಿ.
ಮಲಗಿಸಿ ಒಯ್ಯಲು ಎಷ್ಟೋ ಸೀಟಿನ ದುಡ್ಡು ಎಂದಿತು ವಿಮಾನ.
ಮಂಜ ಗೋಡೆಗೆ ಮುಖ ಮಾಡಿ ಅಂದ:
"ಪದ್ದು ನನ್ನ್ ಹೀಂಗ್ ಕಾಂಬುದ್ ಬ್ಯಾಡ ಮಾರಾಯ."
ಅದಕ್ಕೇ ಫೋನಿನಲ್ಲಿ ಹಣೆ ಮಾತ್ರ ಹಿಡಿಯುತ್ತಿದ್ದೆವು,
ಹೆಚ್ಚೆಂದರೆ ಮೂಗು.

ಹನ್ನೊಂದು ದಿನ ಸುಮ್ಮನಿದ್ದಳು.
ಹನ್ನೆರಡನೆಯ ದಿನ, ಅಲ್ಲಿ ಕುಕ್ಕರ್ ಕೂಗುತ್ತಿತ್ತು:
"ಫೋನ್ ಕೆಳ್ಗ್ ಮಾಡಿ. ನಾನ್ ಕಾಣ್ಕ್."

ಶಫಿಕುಲ್ ಫೋನು ಹಿಡಿದ. ನಾನು ಬಟ್ಟೆ ಹಿಂಡಿದೆ.
ಅವಳು ಎಲುಬುಗಳನ್ನು ಒಂದೊಂದಾಗಿ ನೋಡಿದಳು,
ಅಳಲಿಲ್ಲ, ಅತ್ತಿರಬಹುದು, ನೆಟ್‌ವರ್ಕ್ ಕೈಕೊಟ್ಟಿತು ಒಂದು ಗಳಿಗೆ.
ಆಮೇಲೆ:
"ಬೆನ್ನ್ ಮೊದ್ಲ್ ಒರ್ಸಿ. ಅವ್ರಿಗೆ ಬೆನ್ನಿಗೇ ಸೆಕೆ."
ಅಂದಿನಿಂದ ಬೆನ್ನು ಮೊದಲು.

ಶುಕ್ರವಾರ ಲಿಗೋರಿ ಬರುತ್ತಿದ್ದ,
ಗುದೈಬಿಯಾದ ಇಸ್ತ್ರಿ ಅಂಗಡಿಯಿಂದ.
ಒಂಬತ್ತು ವರ್ಷದ ಹಿಂದೆ ಅವನ ಗಂಟಲು ತೆಗೆದರು.
ಕುತ್ತಿಗೆಯ ತೂತಿಗೆ ಕರವಸ್ತ್ರ,
ಮಡಿಕೆ ನೋಡಿದರೇ ಗೊತ್ತು ಅವನದೇ ಕೈಯದು.
ಪುಟ್ಟ ಯಂತ್ರವೊಂದನ್ನು ಗದ್ದದ ಕೆಳಗೆ ಒತ್ತಿದರೆ
ದುಂಬಿ ಗುಂಯ್ಗುಟ್ಟಿದಂತೆ ಮಾತು.

"ಎಲ್ಲ ಸರಿಹೋಗುತ್ತದೆ" ಎನ್ನಲು
ಅವನೆಂದೂ ಬ್ಯಾಟರಿ ಖರ್ಚು ಮಾಡಲಿಲ್ಲ.
ಮಂಜನ ಪಾದದ ಮೇಲೆ ಕೈಯಿಟ್ಟು ಕೂರುತ್ತಿದ್ದ,
ಮಗ್ರಿಬ್ ಬಾಂಗಿನವರೆಗೆ.
ಪಕ್ಕದ ಕೋಣೆಯವನೊಬ್ಬ ಅವನನ್ನು ತೋರಿಸಿ
"ನೋಡು ಮಂಜಣ್ಣ, ಗೆದ್ದವರು!" ಎಂದಾಗ
ಲಿಗೋರಿ ನಕ್ಕ. ಬರೀ ಗಾಳಿ ಬಂತು.
ಮೆಟ್ಟಿಲಿಳಿಯುವಾಗ ನನಗೆ ಹೇಳಿದ:
"ಈಗಲೂ ಸ್ಕ್ಯಾನಿನ ಹಿಂದಿನ ರಾತ್ರಿ
ಒಂದೇ ಅಂಗಿಗೆ ನಾಲ್ಕು ಸಲ ಇಸ್ತ್ರಿ ಹಾಕುತ್ತೇನೆ."

ಅಕ್ಟೋಬರಿನಲ್ಲಿ ತುಟಿಗೆ ಹತ್ತಿ ಸಾಕಾಯಿತು,
ಗಂಜಿ ತಿಳಿಯಲ್ಲಿ ಅದ್ದಿದ್ದು, ಉಪ್ಪು ಸ್ವಲ್ಪ ಮುಂದೆ.
ಅವನು ಹೋದಾಗ
ನಾನು ರಿಫಾದಲ್ಲಿ ರೊಟ್ಟಿಯ ಟ್ರೇ ಇಳಿಸುತ್ತಿದ್ದೆ.
ಪಾಳಿಯ ಚೀಟಿಯಲ್ಲಿ ಅದು ಶಫಿಕುಲನ ಹೊತ್ತು.
ಕನ್ನಡ ಬಾರದ ಶಫಿಕುಲ್ ಹೇಳಿದ:
ಭಾಬಿ ಫೋನಿನಲ್ಲಿ ಮಾತಾಡುತ್ತಲೇ ಇದ್ದಳು,
ದಾದಾ ಕೇಳುತ್ತಲೇ ಇದ್ದ.
ಏನು ಮಾತು ಎಂದು ನಾನು ಇವತ್ತಿಗೂ ಅವಳನ್ನು ಕೇಳಿಲ್ಲ.

ಮರು ಶುಕ್ರವಾರ ಅದೇ ಹೊತ್ತಿಗೆ ಬಾಗಿಲು ತಟ್ಟಿತು.
"ಲಿಗೋರಿಯಣ್ಣ, ಇನ್ನು ಯಾರನ್ನು ನೋಡಲು?"
ಚಪ್ಪಲಿ ಬಿಟ್ಟು ಒಳಗೆ ಬಂದ.
ಖಾಲಿ ಮಂಚ ದಾಟಿ ನನ್ನ ಮಂಚದ ತುದಿಗೆ ಕೂತ.
ಯಂತ್ರ ಒತ್ತಿದ:
"ನೀನು ಉಂಡೆಯಾ?"

ಐದು ತಿಂಗಳಿಂದ
ಅವನು ಉಂಡನಾ, ಕಕ್ಕಿದನಾ, ನಿದ್ದೆ ಬಂತಾ
ಎಂಬುದಕ್ಕೆಲ್ಲ ಲೆಕ್ಕ ಒಪ್ಪಿಸಿದ ನನ್ನ ಬಾಯಿಗೆ
ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.
ಅವನು ಡಬ್ಬಿ ಬಿಚ್ಚಿದ. ಮೀನು ಸಾರು, ಆರಿತ್ತು.

ಈಗ ನವೆಂಬರ್, ಬೆಳಗಿನ ಜಾವಕ್ಕೆ ಚಳಿ.
ನಿನ್ನೆ ಯಾರೋ ಗೀಸರ್ ಹಾಕಿದ್ದರು.
ನಾನು ಬಕೆಟ್ಟಿಟ್ಟು, ಹೆಗಲಿಗೆ ಬಟ್ಟೆ ಹಾಕಿಕೊಂಡು
ಕೆಂಪು ನಲ್ಲಿ ತಿರುಗಿಸಿದೆ.
ಕೈ ಸುಟ್ಟಿತು,
ಹೊಸಬನ ಹಾಗೆ.