ಹೆಸರಿನ ಕೊಕ್ಕೆ

ಬಂದರಿನ ಪತ್ತಿನ ಸಂಘದಲ್ಲಿ ಸೋಮವಾರ
ಸೆವ್ರಿನ್ ಬಾಯಿ ಪಾಸ್‌ಬುಕ್ ಚಾಚಿದರು.
ಗುಮಾಸ್ತೆ ಹುಡುಗಿ ಹೆಸರು ಒತ್ತಿದಳು:
ಡಿ, ಆಮೇಲೆ ಒಂದು ಕೊಕ್ಕೆ, ಆಮೇಲೆ ಕುನ್ಹಾ.
ಪರದೆ ಬಿಳಿಚಿಕೊಂಡಿತು.
“ಯಾವಾಗಲೂ ಹೀಗೇ,” ಅಂದಳು,
“ಆ ಕೊಕ್ಕೆ ಬಿಟ್ಟು ಬರೆದರೆ ಆಗ್ತದೆ.”

ಏಳು ವರ್ಷ ಹೀಗೇ ನಡೆದಿತ್ತಂತೆ.
ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನನ್ನು ಕರೆಸಿದ್ದು ಬೇರೆ ಕಾರಣಕ್ಕೆ.
ಶನಿವಾರ ರಾತ್ರಿ ಯಾರೋ
ಲಾಗಿನ್ನಿನ ಕಿಂಡಿಯಲ್ಲಿ ಹೆಸರಿನ ಬದಲು ಬರೆದಿದ್ದ:
ಒಂದು ಕೊಕ್ಕೆ,
ಅಥವಾ ಒಂದು ಅಂದರೆ ಒಂದು,
ಕೊನೆಗೆ ಎರಡು ಅಡ್ಡಗೆರೆ.
ಅಷ್ಟೇ. ಬೀಗ ಒಡೆದಿಲ್ಲ, ಹಂಚು ಸರಿಸಿಲ್ಲ.
ಕಳ್ಳ ಸುಳ್ಳನ್ನೂ ಹೇಳಿಲ್ಲ.
ಒಂದು ಒಂದೇ ಅಲ್ಲವೇ?
ನನ್ನ ಪ್ರೋಗ್ರಾಮು ತಲೆಯಾಡಿಸಿತು,
ಒಬ್ಬೊಬ್ಬ ಸದಸ್ಯನ ಮುಂದೂ ನಿಂತು ಹೌದು ಹೌದು ಅಂದಿತು,
ಬೋಟಿನ ಸಾಲ, ಬಲೆಯ ಸಾಲ, ಅಡವಿಟ್ಟ ಕರಿಮಣಿ,
ಮೂರು ಸಾವಿರ ಮನೆಗಳ ಲೆಕ್ಕವನ್ನು
ಒಣಮೀನಿನ ಹಾಗೆ ಚಾಪೆಯ ಮೇಲೆ ಹರಡಿತು.

“ರವೂಫ್, ಎಂತ ಮಾರಾಯ ಇದು?”
ದೇಜು ಕರ್ಕೇರರ ಧ್ವನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಜಾಸ್ತಿ.

ಕೋಡು ತೆರೆದೆ. ನನ್ನದೇ ಕೈ.
ಉಪವಾಸದ ತಿಂಗಳು, ಒಂದೇ ರಾತ್ರಿಯಲ್ಲಿ ಬರೆದದ್ದು;
ಬೆಳಗಿನ ಬಾಂಗಿಗೆ ಮುಂಚೆ ಮುಗಿಸಿದೆನೆಂಬ
ಜಂಬವೂ ನೆನಪಿದೆ.
ಪ್ರಶ್ನೆಗೂ ಹೆಸರಿಗೂ ಒಂದೇ ನೂಲು ಹಾಕಿ ಹೊಲಿದಿದ್ದೆ.
ಕೊಕ್ಕೆ ಬಂದಲ್ಲಿಗೆ ಹೆಸರು ಮುಗಿಯಿತು,
ಮುಂದಿನದ್ದೆಲ್ಲ ಅಪ್ಪಣೆ.
ಬಂದವನು ಹೇಳಿದ್ದನ್ನು ಕೇಳಬೇಕಿತ್ತು.
ಹೇಳಿದಂತೆ ಕೇಳಿತು.

ಕರ್ಕೇರರಿಗೆ ದಾರಿ ಸುಲಭ:
“ಆ ಕೊಕ್ಕೆಯನ್ನೇ ಒಳಗೆ ಬಿಡಬೇಡ.”
ಹಳೆಯ ಕಾಗದದ ಲೆಡ್ಜರು ತಂದು ಎಣಿಸಿದೆ.
ಡಿ’ಸಿಲ್ವಾ, ಡಿ’ಮೆಲ್ಲೊ, ಡಿ’ಅಲ್ಮೇಡಾ,
ನಾನೂರ ಹನ್ನೊಂದು ಮಂದಿ.

ಬೆಂಚಿನಲ್ಲಿ ಕೂತಿದ್ದ ಸೆವ್ರಿನ್ ಬಾಯಿ
ಗೋಡೆಗೆ ಹೇಳುವವರ ಹಾಗೆ ಹೇಳಿದರು:
“ನಮ್ಮವರ ಸಮಾಧಿಯ ಕಲ್ಲಿನಲ್ಲಿ ಅದು ಉಂಟು.
ಕೆತ್ತಿದವ ಅದಕ್ಕೂ
ಒಂದು ಅಕ್ಷರದ ದುಡ್ಡು ತಗೊಂಡಿದ್ದಾನೆ.”

ನಾನು ಪಡಿತರ ಚೀಟಿಯಲ್ಲಿ ರವುಫ, ಶಾಲೆಯಲ್ಲಿ ರೌಫ್,
ಮತದಾರರ ಪಟ್ಟಿಯಲ್ಲಿ ಒಮ್ಮೆ ರೂಪಾ ಕೂಡ ಆಗಿದ್ದೆ.
ನನಗಾದರೂ ಗೊತ್ತಿರಬೇಕಿತ್ತು.

ಸಂಜೆ ಬೆಂಗ್ರೆಯ ಫೆರಿ.
ಮೀನಿನ ಬುಟ್ಟಿ, ಸೈಕಲು, ಮದುವೆಮನೆಯ ಬಿರಿಯಾನಿ ಪಾತ್ರೆ.
ಒಬ್ಬ ಕುಡುಕ ಚುಕ್ಕಾಣಿಯವನಿಗೆ
ಗಂಟಲು ಹರಿಯುವಂತೆ ಅಪ್ಪಣೆ ಕೊಡುತ್ತಿದ್ದ:
ಎಡಕ್ಕೆ ತಿರುಗಿಸು! ಸಮುದ್ರಕ್ಕೆ ಬಿಡು!
ಅವನ ಬಾಯಿ ಯಾರೂ ಕಟ್ಟಲಿಲ್ಲ.
ಅವನನ್ನೂ ಕೂರಿಸಿಕೊಂಡು ಫೆರಿ
ನೆಟ್ಟಗೆ ಬೆಂಗ್ರೆಗೇ ಹೋಯಿತು.

ಆ ರಾತ್ರಿ ಹೊಲಿಗೆ ಬಿಚ್ಚಿದೆ.
ಪ್ರಶ್ನೆಯನ್ನು ಮೊದಲೇ ಕಟ್ಟಿ ಗಂಟು ಹಾಕಿ
ಹೆಸರಿನ ಜಾಗದಲ್ಲಿ
ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಬಿಟ್ಟೆ.
ಬರುವುದು ಏನೇ ಇರಲಿ, ಬಂದು ಅಲ್ಲಿ ಕೂರಲಿ.
ಫೋನಿಗೆ ಅಂಕಿ, ತಾರೀಕಿಗೆ ತಾರೀಕು,
ಮೊತ್ತದಲ್ಲಿ ಅಕ್ಷರ ಕಂಡರೆ ಬಾಗಿಲಲ್ಲೇ ವಾಪಸು.
ಹೆಸರಿನಿಂದ ಮಾತ್ರ ಏನನ್ನೂ ಕೀಳಲಿಲ್ಲ.
ಐವತ್ತೆಂಟು ಕಡೆ ಬಿಚ್ಚಿ ಬರೆದೆ.
ಐವತ್ತೊಂಬತ್ತನೆಯದು ಎಲ್ಲೋ ಉಳಿದಿರಬಹುದೆಂದು
ಈಗಲೂ ನಡುರಾತ್ರಿ ಎಚ್ಚರವಾಗುತ್ತದೆ.

ಗುರುವಾರ ಹೊಸ ಪಾಸ್‌ಬುಕ್ ಬಂತು.
ಸೆವ್ರಿನ್ ಬಾಯಿ ಕನ್ನಡಕ ಮೇಲೇರಿಸಿ
ಡಿ’ಕುನ್ಹಾ ಎಂಬಲ್ಲಿ ಉಗುರಿಟ್ಟು ನೋಡಿದರು.
“ಮಸಿ ಕಮ್ಮಿ,” ಅಂದರು.
ಬೇರೇನೂ ಹೇಳಲಿಲ್ಲ.

ಶನಿವಾರ ರಾತ್ರಿ ಅವನು ಮತ್ತೆ ಬಂದಿದ್ದ.
ಅದೇ ಕೊಕ್ಕೆ, ಅದೇ ಒಂದು ಅಂದರೆ ಒಂದು,
ಅದೇ ಎರಡು ಗೆರೆ.
ಪ್ರೋಗ್ರಾಮು ಪೂರ್ತಿ ಕೇಳಿಸಿಕೊಂಡಿತು,
ಅದೂ ಒಂದು ಹೆಸರೇ ಎಂದು ನಂಬಿ
ಮೂರು ಸಾವಿರ ಮನೆ ಹುಡುಕಿ ಬಂದು
ಮರ್ಯಾದೆಯಿಂದ ಹೇಳಿತು:
ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.