ಸಂತೆಗೆ ಬಂದ ಮೇಜು

ಮಡಿಕೇರಿಯಲ್ಲಿ ನಮ್ಮ ನಿಧಿಗೊಂದು ಕೋಣೆಯಿತ್ತು,
ಬೀಗವಿತ್ತು, ಬೋರ್ಡು ಇತ್ತು,
ಅರ್ಜಿ ನಮೂನೆ ಮೂರು ಪುಟ.
ಐದು ವರ್ಷ ಬಂದ ಅರ್ಜಿಗಳೆಲ್ಲ ಟೈಪು ಮಾಡಿದವು,
ಎಲ್ಲ ಪೇಟೆಯವು. ಹಾಡಿಯಿಂದ ಒಂದೂ ಇಲ್ಲ.
'ಅವರಿಗೆ ಬೇಡವೇನೋ' ಎಂದರು ಖಜಾಂಚಿ ತಮ್ಮಯ್ಯ.
ಅದನ್ನೂ ನಡಾವಳಿಯಲ್ಲಿ ಬರೆದುಕೊಂಡೆ.
ಗುಮಾಸ್ತ ನಾನು, ಬರೆಯುವುದು ಕೆಲಸ.

ಪೊನ್ನವ್ವ ಮೂವತ್ತು ವರ್ಷ ಅಂಚೆಯಲ್ಲಿದ್ದವರು.
ವಿಳಾಸವಿಲ್ಲದವರ ವಿಳಾಸ ಅವರಿಗೆ ಬಾಯಿಪಾಠ:
ಕೆಳಗಿನ ತೋಟ, ಲೈನ್ ಮನೆ, ಹಲಸಿನ ಮರದ ಎಡಕ್ಕೆ.
'ಅವರು ಬಾರದಿದ್ದರೆ
ಕಾಗದವನ್ನು ನಾವೇ ಒಯ್ಯುತ್ತಿದ್ದೆವಲ್ಲ' ಎಂದರು,
ಎದ್ದು ಮೇಜಿನ ಒಂದು ತುದಿ ಹಿಡಿದರು.

ಹಾಗೆ ಮೇಜು ಸಿದ್ದಾಪುರಕ್ಕೆ ಹೋಯಿತು.
ಭಾನುವಾರ, ಸಂತೆ. ನಿನ್ನೆಯ ಬಟವಾಡೆ
ಸೆರಗಿನ ಗಂಟಲ್ಲಿ ಇನ್ನೂ ಬಿಚ್ಚದ ಹೊತ್ತು.
ಒಣಮೀನಿನ ಅಂಗಡಿಗೂ ಕೊಡೆ ರಿಪೇರಿಯ ಹಂಝನಿಗೂ ನಡುವೆ
ನಾಲ್ಕು ಕುರ್ಚಿ, ಒಂದು ಲೆಕ್ಕದ ಪುಸ್ತಕ.
ಮೊದಲ ವಾರ ಲಾಟರಿ ಟಿಕೇಟು ಕೇಳಿದರು,
ಎರಡನೇ ವಾರ ಆಧಾರ್ ತಿದ್ದುಪಡಿ.
ಮೂರನೇ ವಾರ ಬೋಜಿ ಬಂದಳು,
ಕಾಫಿ ಕುಯ್ದ ಕಪ್ಪು ಬೆರಳು ಪುಸ್ತಕದ ಮೇಲಿಟ್ಟು
'ಈ ದುಡ್ಡು ಯಾರದು?'
ಎಲ್ಲರದು, ಎಂದರು ತಮ್ಮಯ್ಯ.
'ಹಾಗಾದರೆ ಓದು.'

ಓದಿದೆ. ಅವಳ ಹಿಂದೆ
ಒಂದೊಂದೇ ಬುಟ್ಟಿ ಬಂದು ನಿಂತಿತು.
ಬಾಡಿಗೆ. ಬೋರ್ಡಿಗೆ ಬಣ್ಣ.
ಸಭೆಯ ಚಾ-ತಿಂಡಿ ಬಾಬ್ತು ಎರಡು ಸಾವಿರದ ನೂರು
'ನಿಲ್ಲು. ಎಷ್ಟು ಜನ ತಿಂದಿರಿ?'
ಏಳು.
ಬೆರಳ ಗೆಣ್ಣುಗಳಲ್ಲಿ ಎಣಿಸಿದಳು,
ಎಣಿಸಿದ್ದನ್ನು ಹೇಳಲಿಲ್ಲ.

ಆಮೇಲೆ ಕೇಳಿದಳು: ಒಂದು ಜೀಪು.
ಕೊಳ್ಳುವುದಲ್ಲ. ರಾತ್ರಿ ಹೆರಿಗೆ ನೋವು ಬಂದು
ದಾರಿಯಲ್ಲಿ ಆನೆ ನಿಂತಾಗ
ತೋಟದ ಧಣಿಯನ್ನು ಕೇಳದೆ ಹೊರಡುವಂಥದು.
ನಮೂನೆಯಲ್ಲಿ ಹುಡುಕಿ ಹುಡುಕಿ
'ಇತರೆ' ಎಂಬಲ್ಲಿ ಬರೆದೆ.

ಈಗ ಏಳರಲ್ಲಿ ಮೂರು ಕುರ್ಚಿ ಸಂತೆಯವರದು.
ಹೆಬ್ಬೆಟ್ಟು ನಡೆಯುತ್ತದೋ ಎಂದು ಎರಡು ಸಭೆ ಜಗಳವಾಯಿತು,
ತಮ್ಮಯ್ಯ ಒಮ್ಮೆ ಎದ್ದೂ ಹೋದರು.
ಪೊನ್ನವ್ವ ಅಂಚೆ ಕಾಲದ ಮಸಿಪೆಟ್ಟಿಗೆ ತಂದರು,
ಒಣಗಿತ್ತು, ಎರಡು ಹನಿ ನೀರು ಬಿಟ್ಟರು.
ಜೀಪು ಇದುವರೆಗೆ ನಾಲ್ಕು ಸಲ ಹೊರಟಿದೆ,
ಒಂದು ಸಲ ತಡವಾಗಿ.
ಅದನ್ನೂ ಬರೆದಿದ್ದೇನೆ.

ಪ್ರತಿ ಭಾನುವಾರ ಗಟ್ಟಿಯಾಗಿ ಓದುತ್ತೇನೆ.
ಹೋದ ವಾರ: ಚಾ, ಹದಿನಾಲ್ಕು ಲೋಟ.
'ಹದಿಮೂರು' ಎಂದಳು ಬೋಜಿ,
'ನಾನು ಕುಡಿಯಲಿಲ್ಲ.'
ಹೊಡೆದು ಹಾಕಿ ತಿದ್ದಿದೆ.
ಪಕ್ಕದಲ್ಲಿ ಅವಳ ಹೆಬ್ಬೆಟ್ಟು.